ಮಾಳಿಗಿ ಇಲ್ಲದ ಬಚ್ಚಲ

ಮೊದಲ ರಂಗೋಲಿಲೆ ಗೆರಿ ಹೊಡದ್ವಿ,
ಹಿತ್ತಲದಾಗ, ಕರಿಬೇವಿನ ಗಿಡದ ಬಾಜೂಕ.
ಅಡ್ಡ ನಾಕು ಫೂಟು, ಉದ್ದ ಐದು.
ಮ್ಯಾಲ ಏನ್ ಹಾಕೂಣು ಹುಸೇನಪ್ಪಣ್ಣ,
ಖಾಜಾಸಾಬ ಕೇಳಿದ, ಟೇಪು ಸುತ್ತಿಕೋತ.
ಏನೂ ಬ್ಯಾಡ.
ಒಂದು ತಗಡು?
ತಗಡೂ ಬ್ಯಾಡ.
ಮಳಿ ಬಂದ್ರ?
ಜಳಕಕ್ಕ ನಿಂತಾವ್ಗ ಮಳಿದೇನು ಅಂಜಿಕಿ, ಅಂದ್ರು ನಮ್ಮವರು.

ಇಪ್ಪತ್ತಾರು ವರ್ಷ ಹಟ್ಟಿ ಗಣಿಯಾಗ ಇಳದು ಏರಿದ ಮನಿಷ್ಯಾ.
ತಲಿಮ್ಯಾಲ ಎರಡು ಸಾವಿರ ಫೂಟು ಕಲ್ಲು,
ಎಂಟು ತಾಸಿನ ಪಾಳಿ,
ಮನಿಗೆ ಬಂದ್ರ ಆ ಇಕ್ಕಟ್ಟಿನ ಬಚ್ಚಲ.
ಬಾಗಲಾ ಅರ್ಧಾ ತೆರದಿಟ್ಟ ಮೈ ತೊಳಕೊಳ್ಳಾವ್ರು.
ಯಾಕಂತ ಒಂದಿನಾ ಹೇಳಲಿಲ್ಲ.
ನಾನೂ ಕೇಳಲಿಲ್ಲ, ಪರದಾ ಜಗ್ಗಿ
ಹುಡುಗರನ್ನ ಓಣಿಗೆ ಅಟ್ಟತಿದ್ದೆ.

ನನ್ನ ಚಿಂತಿ ಬ್ಯಾರೆ.
ಯಂಕೋಬಮ್ಮನ ಮಾಳಿಗಿ ನಮ್ಮ ಹಿತ್ತಲಕ್ಕ ಕಣ್ಣು ಹಚ್ಚಿಕೊಂಡ ಐತಿ.
ಒಂದಿನ ಮೆಣಸಿನಕಾಯಿ, ಒಂದಿನ ಹಪ್ಪಳ,
ದಿನಾ ಫೋನು ಹಿಡದ ಮೊಮ್ಮಗ.
ಗೋಡಿ ಎಷ್ಟು ಏರಬೇಕು ಅನ್ನೂದು
ಖಾಜಾಸಾಬನ ಟೇಪಿಗೇನು ಗೊತ್ತು!

ಉಟ್ಟ ಸೀರ್‍ಯಾಗ ರಂಗೋಲಿ ನಡುವ ನಿಂತೆ.
ನಮ್ಮವರೊಂದು ಬಿದಿರು, ತಂಗಿ ಮಗ ಅಂಬರೇಶ ಒಂದು,
ನಡುವ ಹಳೇ ಚಾದರ ಜಗ್ಗಿ ಹಿಡದ್ರು.
ಖಾಲಿ ಚರಿಗಿ ತಲಿಮ್ಯಾಲ ಎತ್ತಿ ಸುರಕೊಂಡೆ.
ಕಾಣ್ತೀನೇನಬೇ ಯಂಕೋಬಮ್ಮ?
ಮಾರಿ ಕಾಣ್ತೈತಿ!
ಚಾದರ ಮ್ಯಾಲ ಹೋತು.
ಈಗ?
ತುರುಬು!
ಮತ್ತೊಂದು ಗೇಣು. ಅಂಬರೇಶನ ತೋಳು ನಡಗಾಕತ್ತಿದ್ದುವು.
ಈಗರ?
ಎರಡು ಕೈ, ಒಂದು ಚರಿಗಿ!
ಕೈ ಕಂಡ್ರ ಕಾಣಲಿ, ಅಂದೆ.
ಅಲ್ಲಿಗೇ ಬಿದಿರಿಗೆ ಇದ್ದಲಿಲೆ ಗೆರಿ ಹಾಕಿದ ಖಾಜಾಸಾಬ.

ವಾಟ ನೋಡಾಕ ಗೋಲಿ ಉಳ್ಳಿಸಿದ್ವಿ.
ಮೋರಿ ಕಡೆ ಹೋಗೂದು ಬಿಟ್ಟು
ಮೂಲ್ಯಾಗ ಹೋಗಿ ಕುಂತಿತು, ಮುನಿಸಿಕೊಂಡ ಕೂಸಿನಂಗ.
ಹಾಸಗಲ್ಲು ಕಿತ್ತಿ ಮತ್ತ ಹಾಕಿದ,
ಅವತ್ತಿನ ಅರ್ಧಾ ಪಗಾರ ತಾನ ಬ್ಯಾಡ ಅಂದ,
ನಾವೂ ಜುಲುಮಿ ಮಾಡಿ ಕೊಟ್ವಿ.
ನಾ ಹಟಾ ಮಾಡಿದ್ದು ಮೂರಕ್ಕ:
ಸೀಗೆಕಾಯಿ ಬಟ್ಟಲಿಡಾಕ ಒಂದು ಗೂಡು,
ಹಿಮ್ಮಡ ತಿಕ್ಕಾಕ ಕೂಡೂವಂಥ ಕಲ್ಲು,
ಗೂಟ ಎರಡು. ಒಣಾ ಸೀರಿಗೊಂದು, ಹಸೀದಕ್ಕೊಂದು.
ಒಂದ ಗೂಟದಾಗ ಎರಡೂ ಹಾಕಿ ನೋಡ್ರಿ,
ತಿಳೀತೈತಿ.

ಗೋಡಿಗೆ ಏಳು ದಿನ ನೀರುಣಿಸಿದ್ವಿ.
ಮೊದಲ ಜಳಕ ಅವರದು.
ರಾತ್ರಿ ಪಾಳಿ ಮುಗಿಸಿ ಬಂದವರು ಸೀದಾ ಹಿತ್ತಲಕ್ಕ ಹೋದ್ರು,
ಮೈಯಾಗಿನ್ನೂ ಕಲ್ಲಿನ ಬೂದಿ.
ಒಲಿ ಮುಂದ ಕುಂತಾಕಿಗೆ ಕೇಳಿಸಿತು,
ಚಿಲಕ ಹಾಕಿದ ಸಪ್ಪಳ.
ಹಿಟ್ಟಿನ ಕೈ ಹಂಗ ನಿಂತುವು.
ಇಷ್ಟು ವರ್ಷದಾಗ ಅದನ್ನ ಕೇಳಿದ್ದಿಲ್ಲ ನಾನು.
ಬಾಳ ಹೊತ್ತು ನೀರಿನ ಸಪ್ಪಳ ಬರಲೇ ಇಲ್ಲ.
ನಳ ಬರವಲ್ದೇನ್ರೀ? ಕೂಗಿದೆ.
ಬರತೈತಿ. ತಡಿ.
ಒಂದು ರೊಟ್ಟಿ ಸುಡೂತನಾ ತಡದೆ.
ಆಮ್ಯಾಲ ಶವರ್ ಬಿಟ್ರು.

ನನ್ನ ಜಳಕ ಮಧ್ಯಾಹ್ನದಾಗ.
ಕರೀ ಟಾಕಿ ಬಿಸಲಿಗೆ ಕಾದಿರತೈತಿ, ಕಟಗಿ ಖರ್ಚಿಲ್ಲ.
ಮ್ಯಾಲ ಹದ್ದೊಂದು ಸುತ್ತತಿರತೈತಿ, ಅದಕ್ಕ ನನ್ನ ಮ್ಯಾಲ ಧ್ಯಾಸಿಲ್ಲ.
ನಿನ್ನಿ ತಲಿಗೆ ಸೀಗೆಕಾಯಿ ಹಚ್ಚಿ ಕುಂತಾಗ
ಗಣ್ಯಾಗ ಮದ್ದು ಹಾರಿಸಿದ್ರು.
ಕಲ್ಲು ಕುಂಡಿಗೆ ಗುದ್ದಿತು. ಬಕೀಟಿನ್ಯಾಗ
ನೀರು ಬಳಿ ಬಳಿಯಾಗಿ ಅಂಚಿಗೆ ಬಂತು.
ಇವತ್ತು ಹಗಲಪಾಳಿ ಅವರದು, ಎಲ್ಲೋ ಇದರ ಕೆಳಗ.
ಬಳಿ ನಿಲ್ಲೂತನಾ ನೀರು ಮುಟ್ಟಲಿಲ್ಲ ನಾನು.
ಆಮ್ಯಾಲ ಚರಿಗಿ ತುಂಬಿ ಎತ್ತಿದೆ.

ಕೈ ಕಾಣಾಕತ್ತಾವಬೇ!
ಮ್ಯಾಲಿಂದ ಯಂಕೋಬಮ್ಮ.
ಕಾಣಲಿ ಬಿಡು, ಅಂದೆ. ಮೆಣಸಿನಕಾಯಿ ಒಣಗಿದುವೇನು?